ಹನ್ನೆರಡು ಪರ್ಸೆಂಟ್ ಕೈ

ರುದಾ, ಸಿಲೇಸಿಯ, ಪೋಲೆಂಡ್
೮ ಮಾರ್ಚ್ ೧೯೯೪, ಮಂಗಳವಾರ

ನನ್ನ ಹಿಲ್ಡಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ನೀನು ಸಂಬಳಕ್ಕೆ ನೋಡಿಕೊಳ್ಳುವ ಆ ಜರ್ಮನಿಯ ಎಸ್ಸೆನ್ ಊರಿನ ಮುದುಕನನ್ನು ಹಾಸಿಗೆಯಿಂದ ಎತ್ತುವಾಗ ನಿನ್ನ ಬೆನ್ನಿನ ಕಡೆ ಗಮನವಿರಲಿ. ಅವನು ಹೇಗಿದ್ದಾನೆಂದು ನಾನು ಕೇಳುವುದಿಲ್ಲ. ಚೆನ್ನಾಗಿಯೇ ಇರುತ್ತಾನೆ. ದಿನಾ ನನ್ನ ಹೆಂಡತಿ ಮುಖ ತೊಳೆಸಿ, ಶರಟು ತೊಡಿಸಿ, ಭಾನುವಾರ ಆಲೂಗೆಡ್ಡೆ ಕಡುಬು ಬಡಿಸಿದರೆ ಯಾರು ತಾನೇ ಚೆನ್ನಾಗಿರುವುದಿಲ್ಲ? ಇವತ್ತು ಹೆಂಗಸರ ದಿನ. ನಿನಗೆ ಹೂವು ಕೊಟ್ಟನೇ? ಕೊಟ್ಟಿದ್ದರೆ ಬರೆಯಬೇಡ, ನನಗೆ ಹೊಟ್ಟೆ ಉರಿಯುತ್ತದೆ.

ಅಕ್ಷರ ಪಕ್ಕದ ಮನೆಯ ಗಿಜೆಲಾಳದು, ಮಾತು ನನ್ನದು. ಗಣಿಯ ಚಾವಣಿ ಕುಸಿದ ಮೇಲೆ ಈ ಬಲಗೈ ಪೆನ್ನು ಹಿಡಿದದ್ದೇ ಇಲ್ಲ. ಈಗ ಸುದ್ದಿ ಕೇಳು. ಶಾಶ್ವತ ಊನ ಎಷ್ಟೆಂದು ಅಳೆಯುವ ವೈದ್ಯರ ಮಂಡಳಿ ನನ್ನ ಕೈಗೆ ಹನ್ನೆರಡು ಪರ್ಸೆಂಟ್ ಬರೆದಿದೆ. ಹನ್ನೆರಡು! ಗಿಜೆಲಾಳ ಗಂಡ ನೋರ್ಬರ್ಟ್‌ಗೆ ಎಷ್ಟು ಗೊತ್ತೇ? ಇಪ್ಪತ್ತೈದು. ಅದೇ ದಿನ, ಅದೇ ಕಲ್ಲು. ಅವನಿಗೆ ಹೋದದ್ದು ಒಂದೂವರೆ ಬೆರಳು, ನನಗೆ ಮೂರು. ಅವನ ಪರ್ಸೆಂಟ್ ನನಗೆ ಬಂದಿದ್ದರೆ ಆ ಪರಿಹಾರದ ಹಣದಲ್ಲಿ ನೀನು ಈಸ್ಟರ್‌ಗೆ ಮನೆಗೇ ಬಂದುಬಿಡಬಹುದಿತ್ತು. ಈಗ ಇನ್ನೊಂದು ಚಳಿಗಾಲವೂ ನೀನು ಆ ಮುದುಕನ ಪಾಲು.

ನೋರ್ಬರ್ಟ್ ಹಳೇ ಸ್ವೆಟರ್ ತೊಟ್ಟು ಹೋಗಿದ್ದನಂತೆ. ಗಿಜೆಲಾ ಡಾಕ್ಟರ ಎದುರಿಗೇ "ಕೈ ಎತ್ತು ರಾಜಾ, ನಿಧಾನ, ನಿಧಾನ" ಎಂದು ಅದನ್ನು ಬಿಚ್ಚಿದಳಂತೆ. (ಹಾಗೇ ಬರಿ ಗಿಜೆಲಾ, ನಾಚಿಕೆ ಯಾಕೆ?) ಗಣಿಗಾರನಾಗಿ ನಾನು ಕಚೇರಿಗೆ ಸ್ವೆಟರಿನಲ್ಲಿ ಹೋಗುತ್ತೇನೆಯೇ? ನಮ್ಮಪ್ಪ ಹಲ್ಲು ಕೀಳಿಸುವುದಕ್ಕೂ ಟೈ ಕಟ್ಟಿಕೊಂಡು ಹೋದವನು. ಗಣಿಗಾರರ ಹಬ್ಬಕ್ಕೆ ತೊಡುವ ಕಪ್ಪು ಸಮವಸ್ತ್ರವನ್ನೇ ತೊಟ್ಟೆ, ಕತ್ತಿನವರೆಗೂ ಥಳಥಳ ಹಿತ್ತಾಳೆ ಗುಂಡಿ. ಡಾಕ್ಟರಮ್ಮ ಕನ್ನಡಕ ಏರಿಸಿ, "ಅಬ್ಬಾ, ಎಷ್ಟು ಗುಂಡಿ! ಯಾರು ಹಾಕಿದ್ರು?" ಎಂದಳು. "ನಾನೇ ಡಾಕ್ಟ್ರೇ, ಇನ್ಯಾರು ಹಾಕ್ತಾರೆ?" ಎಂದೆ. "ಹಾಗಾದ್ರೆ ಬೆರಳು ಪರವಾಗಿಲ್ಲ" ಎಂದು ಬರೆದುಕೊಂಡಳು. ಗಿಜೆಲಾ ಇಲ್ಲಿ ಯಾಕೋ ಕೆಮ್ಮುತ್ತಿದ್ದಾಳೆ.

ನಿಜ ಹೇಳಲೇ? ಪರ್ಸೆಂಟಿಗಿಂತ ಹೆಚ್ಚಾಗಿ ಆ ಸ್ವೆಟರ್ ಬಿಚ್ಚಿದ ಕೈಗಳನ್ನು ನೆನೆದೇ ನನಗೆ ಅಸೂಯೆ. ಮೆಟ್ಟಿಲ ಮೇಲೆ ನೋರ್ಬರ್ಟ್ ಸಿಕ್ಕರೆ ಮುಖ ತಿರುಗಿಸುತ್ತೇನೆ. ನನಗೆ ಬೆರಳೂ ಇಲ್ಲ, ಹೆಂಡತಿಯೂ ಇಲ್ಲ.

ಆಕ್ಷೇಪಣೆ ಹಾಕಿದ್ದೇನೆ. ಇಪ್ಪತ್ತನಾಲ್ಕನೇ ತಾರೀಕು ಗುರುವಾರ ಮೇಲಿನ ಮಂಡಳಿ ನೋಡುತ್ತದೆ. ನೀನು ಬರುವುದೇನೂ ಬೇಡ, ನಾನೇ ನಿಭಾಯಿಸುತ್ತೇನೆ. ದೇವಮಾತೆ ನಿನ್ನನ್ನು ಕಾಯಲಿ. ಮುದುಕನನ್ನೂ ಕಾಯಲಿ, ಆದರೆ ನೀನಿಲ್ಲದೆ.

ನಿನ್ನನ್ನು ಕಟ್ಟಿಕೊಂಡವನು,
ಅಲೋಯ್ಸ್ (ಎಡಗೈಯಲ್ಲಿ)

ವಿ.ಸೂ.: ಹಿಲ್ಡಾ, ಇದು ಗಿಜೆಲಾ. ಅವನು ಅಂಚೆಚೀಟಿ ತರೋಕೆ ಹೋದ, ಬೇಗ ಬರೀತೀನಿ. ಆ ಗುಂಡಿಗಳನ್ನೆಲ್ಲ ಹಾಕಿದ್ದು ನಾನು ಕಣೇ. ದಿನಾ ಶರಟಿಗೂ ನಾನೇ ಹಾಕೋದು. "ಹೆಂಡ್ತಿ ಜರ್ಮನೀಲಿ, ಪಕ್ಕದ ಮನೆಯವಳು ಬಟ್ಟೆ ತೊಡಿಸ್ತಾಳೆ ಅಂದ್ರೆ ಜನ ಹಿಲ್ಡಾನ ಆಡ್ಕೋತಾರೆ" ಅಂತ ಡಾಕ್ಟರಿಗೆ ಸುಳ್ಳು ಹೇಳಿದ. ಗುರುವಾರವೂ ಅದನ್ನೇ ಹೇಳ್ತಾನೆ, ಮೊಂಡ. ನಾನು ಜೊತೆಗೆ ಹೋಗೋ ಹಾಗಿಲ್ಲ. ಇವನಿಗೆ ಗುಂಡಿ ಹಾಕ್ತೀನಿ ಅಂತಲೇ ನೋರ್ಬರ್ಟ್ ನನ್ನ ಹತ್ರ ಮಾತು ಬಿಟ್ಟು ವಾರವಾಯ್ತು, ಇಪ್ಪತ್ತೈದು ಪರ್ಸೆಂಟ್ ಇಟ್ಕೊಂಡು ಮೂಲೇಲಿ ಮುಖ ಊದಿಸಿಕೊಂಡು ಕೂತಿದ್ದಾನೆ. ಇಪ್ಪತ್ತೆರಡನೇ ತಾರೀಕು ಮಂಗಳವಾರದ ಬಸ್ಸು ಹತ್ತು. ನಿನ್ನ ಗಂಡನನ್ನ ನೀನು ನೋಡ್ಕೋ, ನನ್ನ ಗಂಡ ನನಗೆ ವಾಪಸ್ ಸಿಗಲಿ.