ಗೆಂಡೆ ಮೀನಿನ ಬಾಲದ ಹಿಂದಿನ ಬಿರುಕು

ಮಾನ್ಯ ಭದ್ರತಾ ಮುಖ್ಯಾಧಿಕಾರಿಗಳೇ,

ಬಿರುಕು ಬಿಟ್ಟ ಯಂತ್ರದ ಫೋಟೋ ತೆಗೆದಳೆಂದು ನೀವು ಗಿನ್ಕಾಳನ್ನು ಕೆಲಸದಿಂದ ಕಿತ್ತುಹಾಕಿದಿರಿ. ಯಂತ್ರವನ್ನು ಮಾತ್ರ ಹಾಗೇ ಬಿಟ್ಟಿರಿ. ನಿಮ್ಮ ಕಾರ್ಖಾನೆಯಲ್ಲಿ ಬಿರುಕಿಗಿರುವ ಸೇವಾ ಭದ್ರತೆ ಹತ್ತೊಂಬತ್ತು ವರ್ಷ ದುಡಿದ ಹೆಂಗಸಿಗಿಲ್ಲ.

ಗೇಟಿನಲ್ಲಿ ಪ್ರತಿ ಫೋನಿನ ಕ್ಯಾಮೆರಾಕ್ಕೆ ಕೆಂಪು ಚೀಟಿ ಅಂಟಿಸುತ್ತೀರಿ. ಸಂಜೆ ಅದರ ಅಂಚು ಎದ್ದಿದ್ದರೆ ವಿಚಾರಣೆ. ಮದ್ದುಗುಂಡು ತಯಾರಾಗುವ ಜಾಗದಲ್ಲಿ ಗುಟ್ಟು ಕಾಯಬೇಕು, ಒಪ್ಪುತ್ತೇವೆ. ಆದರೆ ದುರಸ್ತಿ ವಿಭಾಗದ ದೂರಿನ ನಮೂನೆಯನ್ನು ಎಂದಾದರೂ ಓದಿದ್ದೀರಾ? ‘ದೋಷದ ಫೋಟೋ ಇಲ್ಲದ ದೂರನ್ನು ಪರಿಗಣಿಸಲಾಗುವುದಿಲ್ಲ’ ಎನ್ನುತ್ತದೆ ಅದರ ಮೊದಲ ಸಾಲು. ಒಂದು ಕಚೇರಿ ಫೋಟೋ ತಾ ಅನ್ನುತ್ತದೆ, ಪಕ್ಕದ ಕಚೇರಿ ತೆಗೆದರೆ ಹೊರಗೆ ನಡಿ ಅನ್ನುತ್ತದೆ. ನಡುವೆ ಇರುವುದು ಒಂದು ಗೋಡೆ. ಇಬ್ಬರೂ ಕುಡಿಯುವುದು ಒಂದೇ ಯಂತ್ರದ ಕಾಫಿ.

ಸಿಡಿಮದ್ದು ಒತ್ತುವ ಏಳನೇ ಯಂತ್ರದ ರಕ್ಷಣಾ ಫಲಕ ಬಿರುಕು ಬಿಟ್ಟಿದೆಯೆಂದು ಜನವರಿಯಲ್ಲಿ ಗಿನ್ಕಾ ಮೂರು ಸಲ ಹೇಳಿದಳು. ಮದ್ದು ಸಿಡಿದರೆ ಎದುರು ಕೂತವರ ಮುಖವನ್ನು ಕಾಯುವುದು ಆ ಫಲಕವೊಂದೇ. ಮೇಸ್ತ್ರಿ ದಿಮೋ ತಲೆ ಕೆರೆದುಕೊಂಡ: “ಗಿನ್ಕಕ್ಕಾ, ನಂಗೆ ಕಾಣ್ತಿದೆ. ಕಾಗದಕ್ಕೆ ಕಣ್ಣಿಲ್ವಲ್ಲ. ಫೋಟೋ ಕೊಡು.”

“ಸತ್ತಮೇಲೆ ಸಾವಿನ ಚೀಟೀಲಿ ನನ್ ಫೋಟೋ ಹಾಕಿ ಊರಿನ ಬಾಗಿಲುಗಳಿಗೆಲ್ಲ ಅಂಟಿಸ್ತೀರಲ್ಲ,” ಅಂದಳು ಅವಳು. “ಅದಕ್ಕೆ ಮುಂಚೆ ಇದ್ರದ್ದೊಂದು ತೆಗೀತೀನಿ ಬಿಡು.”

ಚೀಟಿ ಕಿತ್ತಳು, ಫೋಟೋ ತೆಗೆದಳು. ಕಾವಲಿನವರು ಹಿಡಿದರು. ನೀವು ಫೋಟೋವನ್ನೂ ಅಳಿಸಿದಿರಿ, ಅವಳ ಹೆಸರನ್ನೂ ಅಳಿಸಿದಿರಿ. ‘ಬಿರುಕಿಗೆ ಪುರಾವೆಯಿಲ್ಲ’ ಎಂದು ಷರಾ ಬರೆದಿರಿ.

ಪುರಾವೆ ಇದೆ. ನಿಮ್ಮ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಡಿಸೆಂಬರ್ ಆರರ ಸಂತ ನಿಕೊಲಾಯ್ ಹಬ್ಬಕ್ಕೆ ಆ ಸಂತನ ಹೆಸರಿನವರು ಜೊತೆಗಾರರಿಗೆ ಮೀನು ಬಡಿಸಬೇಕಲ್ಲ. ಕಳೆದ ಹಬ್ಬಕ್ಕೆ, ಗಿನ್ಕಾಳ ದೂರಿಗೂ ಒಂದು ತಿಂಗಳ ಮುಂಚೆ, ನೀವೂ ಆಕ್ರೋಡು ತುಂಬಿ ಬೇಯಿಸಿದ ಗೆಂಡೆ ಮೀನು ಹೊತ್ತು, ತಿಂಡಿ ನಿಷೇಧದ ಫಲಕದ ಕೆಳಗೇ ಹಾದು, ನಮ್ಮ ವಿಭಾಗಕ್ಕೆ ಬಂದಿರಿ. ಚೀಟಿಯಿಲ್ಲದ ನಿಮ್ಮ ಫೋನು ಜೇಬಿನಿಂದ ಹೊರಬಂತು. “ಇಲ್ಲಿ ನಿಂತ್ಕೊಳ್ರಪ್ಪಾ, ಬೆಳಕು ಚೆನ್ನಾಗಿದೆ. ಗಿನ್ಕಾ, ಮೀನು ಸ್ವಲ್ಪ ಎತ್ತು, ಬಾಲ ಕಾಣ್ಲಿ,” ಅಂದಿರಿ. ಆ ಫೋಟೋ ಇಂದಿಗೂ ಜಾಲತಾಣದ ನಿಮ್ಮ ಪುಟದಲ್ಲಿದೆ, ಊರೆಲ್ಲ ಮೆಚ್ಚಿದೆ. ದೊಡ್ಡದು ಮಾಡಿ ನೋಡಿ. ಬಾಲದ ಹಿಂದೆ, ಏಳನೇ ಯಂತ್ರದ ಫಲಕದಲ್ಲಿ, ಮೇಲಿಂದ ಕೆಳಕ್ಕೆ ಒಂದು ಗೆರೆ. ಅದು ಮೀನಿನ ಮುಳ್ಳಲ್ಲ.

ಹಾಗಾದರೆ ನಿಯಮದ ಪ್ರಕಾರ ಹೊರಗೆ ನಡೆಯಬೇಕಾದವರು ಯಾರು? ಹೋಗಲಿ, ನಿಮ್ಮ ಕುರ್ಚಿ ನಮಗೆ ಬೇಡ. ಯಂತ್ರ ಇವತ್ತೇ ನಿಲ್ಲಲಿ. ಪ್ರತಿ ವಿಭಾಗದಲ್ಲೂ ಕಾರ್ಖಾನೆಯದೇ ಒಂದು ಕ್ಯಾಮೆರಾ ಬೀಗದೊಳಗಿರಲಿ. ದೋಷ ಕಂಡಾಗ ಮೇಸ್ತ್ರಿ ಅದರಲ್ಲಿ ತೆಗೆಯಲಿ. ಗಿನ್ಕಾ ಕೆಲಸಕ್ಕೆ ವಾಪಸು ಬರಲಿ.

ನಿಮ್ಮ ಫೋಟೋ ಈಗ ಅಳಿಸಿದರೂ ಅಡ್ಡಿಯಿಲ್ಲ. ಅದರಲ್ಲಿ ಬಾಲವನ್ನೂ ಬಿರುಕನ್ನೂ ಅಷ್ಟೇ ಉಳಿಸಿ, ಮಿಕ್ಕಿದ್ದನ್ನೆಲ್ಲ ಮುಚ್ಚಿ ಮುದ್ರಿಸಿದ್ದೇವೆ; ಗುಟ್ಟು ಕಾಯುವುದು ಹೀಗೆ, ಮಾನ್ಯರೇ. ಕಪ್ಪು ಅಂಚು ಹಾಕಿ, ಸಾವಿನ ಚೀಟಿಗಳ ಸಾಲಿನಲ್ಲಿ, ನಿಮ್ಮ ಗೇಟಿಗೇ ಅಂಟಿಸಿದ್ದೇವೆ. ಕೆಳಗೆ ಸತ್ತವರ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇವೆ.

ಇಂತಿ,
ಅಂದು ಬಾಲದ ಪಕ್ಕ ನಗುತ್ತ ನಿಂತಿದ್ದ,
ಇಂದು ಗಿನ್ಕಾಳ ಜಾಗದಲ್ಲಿ ಏಳನೇ ಯಂತ್ರಕ್ಕೆ ಮುಖವೊಡ್ಡಿ ಕೂತಿರುವ,
ನೆದ್ಯಾಲ್ಕಾ
ಗುಲಾಬಿ ಕಣಿವೆ, ಬಲ್ಗೇರಿಯಾ