ಗುಂಡಿ ಕಿತ್ತವನು ಸಾಕ್ಷಿ, ಹೊಲಿದವಳು ಆರೋಪಿ

ಮಾನ್ಯ ತಾಲೂಕು ದಂಡಾಧಿಕಾರಿಗಳೇ,

ಕಳೆದ ಗುರುವಾರ ತಾವು ನಮ್ಮ ಓಣಿಗೆ ಕಳುಹಿಸಿದ ನೋಟಿಸಿನಲ್ಲಿ ಒಂದು ಸಣ್ಣ ತಪ್ಪಾಗಿದೆ. ಶಾಂತಿ ಕದಡಿದವನನ್ನು ಸಾಕ್ಷಿಯೆಂದೂ, ಶಾಂತಿ ಕಾಯ್ದವಳನ್ನು ಆರೋಪಿಯೆಂದೂ ಬರೆದಿದ್ದೀರಿ. ಬೆರಳಚ್ಚಿನ ದೋಷವಿರಬಹುದೆಂದು ಮೂರು ಸಲ ಓದಿದೆ. ಅಲ್ಲ, ಕೆಳಗೆ ತಮ್ಮ ಸಹಿ ದುಂಡಗೆ ಕುಳಿತಿದೆ. ಅರವತ್ತೆಂಟು ವರ್ಷದ ಕೆಂಚವ್ವ "ಚೂಪಾದ ಆಯುಧ ತೋರಿಸಿ ಸರ್ಕಾರಿ ನೌಕರನನ್ನು ಹತ್ತು ನಿಮಿಷ ತಡೆದು ನಿಲ್ಲಿಸಿದ್ದಾಳೆ". ಆದ್ದರಿಂದ ಸೋಮವಾರ ಹಾಜರಾಗಿ, ಆರು ತಿಂಗಳು ಶಾಂತಿಯಿಂದಿರುವುದಾಗಿ ಮುಚ್ಚಳಿಕೆ ಬರೆದುಕೊಡಬೇಕು, ಇಲ್ಲವೇ ಜೈಲು. ಆಯುಧದ ವರ್ಣನೆಯನ್ನು ವರದಿ ಬರೆದವರು ಯಾಕೋ ಬಿಟ್ಟಿದ್ದಾರೆ. ನಾನು ತುಂಬುತ್ತೇನೆ: ಉದ್ದ ಒಂದೂವರೆ ಇಂಚು, ಹಿಂಬದಿಗೆ ಒಂದು ಕಣ್ಣು, ಕಣ್ಣಿನಲ್ಲಿ ಬಿಳಿ ದಾರ. ಸೂಜಿ, ಸ್ವಾಮಿ, ಸೂಜಿ!

ನಮ್ಮ ಓಣಿಯ ನೀರಿನ ಮೋಟಾರು ಈ ೧೯೯೮ರ ಜನವರಿಯಲ್ಲಿ ರಿಪೇರಿಗೆಂದು ಯರಗಟ್ಟಿಗೆ ಹೋಯಿತು. ಈಗ ಮೇ ತಿಂಗಳು. ಬಸ್ಸಿನಲ್ಲಿ ಒಂದು ತಾಸಿನ ದಾರಿ. ಬಹುಶಃ ಅದು ನಡೆದುಕೊಂಡು ಬರುತ್ತಿದೆ. ಅಲ್ಲಿಯವರೆಗೆ ನಾವು ಹಳೆಯ ಕೊಳವೆಬಾವಿಯ ಸವಳು ನೀರು ಕುಡಿಯುತ್ತಿದ್ದೇವೆ. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಮಕ್ಕಳ ಹೊಟ್ಟೆ ಮಾತ್ರ ತಪ್ಪದೆ ಕೆಡುತ್ತದೆ. ಏಳು ಮನವಿ ಕೊಟ್ಟ ಮೇಲೆ ಧರಣಿ ಕೂರುವುದೆಂದು ತೀರ್ಮಾನವಾಯಿತು. ನಾನು ರಾಮದುರ್ಗದಲ್ಲಿ ತರ್ಕಶಾಸ್ತ್ರ ಕಲಿಸುವವನು. ಅಹಿಂಸೆಯ ತತ್ವ ಬೋಧಿಸುವ ಹೊಣೆ ಸಹಜವಾಗಿಯೇ ನನ್ನ ತಲೆಗೆ ಬಂತು. ಓಣಿಯ ಹೆಂಗಸರನ್ನು ಕೂರಿಸಿಕೊಂಡು ಮೂರು ಸಂಜೆ ಮಾತಾಡಿದೆ. ಮೂರನೆಯ ಸಂಜೆ ಕೆಂಚವ್ವ ಆಕಳಿಸಿದಳು.

"ಕೈ ಎತ್ತಬಾರದು, ಬೈಬಾರದು, ಎದ್ದ ಹೋಗಬಾರದು. ಇಷ್ಟ ಹೌದಿಲ್ಲರಿ ಸರ? ಇದಕ್ಕ ಮೂರ ದಿನಾ ಬೇಕಾತೇನ್ರಿ?"

ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ-ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಕೊಟ್ಟದ್ದನ್ನು ಒಲ್ಲೆ ಎಂದರೆ ಕೊಟ್ಟವರಿಗೆ ಅವಮಾನ. ಕೆಂಚವ್ವ ಎಂಟು ಹೆಂಗಸರನ್ನು ಕಟ್ಟಿಕೊಂಡು, ಕೊಡ ಮತ್ತು ಬೆಲ್ಲದ ತಾಟು ಹಿಡಿದು ತಮ್ಮ ಕಚೇರಿಯ ಮೆಟ್ಟಿಲ ಬಳಿ ಕುಳಿತಳು; ದಿನಾ ನಾನೂ ಪಕ್ಕದಲ್ಲಿ ನಿಂತೆ. ಘೋಷಣೆಯಿಲ್ಲ, ಧಿಕ್ಕಾರವಿಲ್ಲ. "ಬರ್ರಿ ಸಾಹೇಬ್ರ, ಬಿಸಲಾಗ ಬಂದೀರಿ. ಬೆಲ್ಲ ತಗೋರಿ, ನೀರ ಕುಡೀರಿ." ಬೆಲ್ಲ ಒಳ್ಳೆಯದೇ. ನೀರು, ನಾವು ದಿನಾ ಕುಡಿಯುವುದು. ಮೊದಲ ದಿನ ತಾವೂ ಒಂದು ಗುಟುಕು ಕುಡಿದಿರಿ. ಆಗ ತಮ್ಮ ಮುಖದಲ್ಲಿ ಮೂಡಿದ ಅಭಿಪ್ರಾಯ ಕಡತದಲ್ಲಿ ದಾಖಲಾಗಿದ್ದರೆ ಮೋಟಾರು ಮರುದಿನವೇ ಬರುತ್ತಿತ್ತು. ಆದರೆ ಮರುದಿನದಿಂದ ಇಡೀ ಕಚೇರಿ ಹಿತ್ತಲ ಬಾಗಿಲಿನಿಂದ ಓಡಾಡತೊಡಗಿತು. ನಾಲ್ಕನೆಯ ದಿನ ಕೆಂಚವ್ವ ಅಲ್ಲೂ ಒಂದು ಕೊಡ ಇಟ್ಟಳು.

ಆರನೆಯ ದಿನ ತಮ್ಮ ಗುಮಾಸ್ತರೊಬ್ಬರು "ಏ ಮುದಕಿ, ದಿನಾ ಏನ್ ಇದು ನಾಟಕ?" ಎಂದು ಕೊಡ ಒದ್ದರು. ನೀರು ಚೆಲ್ಲಿತು. ಮುಂದೆ ನಡೆದದ್ದನ್ನು ನಿಧಾನವಾಗಿ ಓದಬೇಕು. ಅವರ ಕೊರಳಪಟ್ಟಿಗೆ ಕೈ ಹಾಕಿದವನು ನಾನು. ಎಳೆದಾಡಿ ಎರಡು ಗುಂಡಿ ಕಿತ್ತವನು ನಾನು. ಮೂರು ಸಂಜೆ ಅಹಿಂಸೆ ಬೋಧಿಸಿದ ನಾನೇ. ನನ್ನ ಮುಷ್ಟಿ ಹಿಡಿದು ಇಳಿಸಿದ್ದು ಕೆಂಚವ್ವ.

"ಬಿಡ್ರಿ ಸರ. ಗುಂಡಿ ಹಚ್ಚಾಕಿ ಅವನ ಹೇಣ್ತಿ. ಆಕಿಗ್ಯಾಕ ತ್ರಾಸ?"

ಎಲೆ-ಅಡಿಕೆಯ ಸಂಚಿಯಿಂದ ಸೂಜಿದಾರ ತೆಗೆದು, ಅವರನ್ನು ಅಲ್ಲೇ ನಿಲ್ಲಿಸಿ ಎರಡೂ ಗುಂಡಿ ಹೊಲಿದಳು. "ಅಳ್ಳಾಡಬ್ಯಾಡೋ ನನ್ನಪ್ಪಾ, ಚುಚ್ಚೀತು," ಎಂದಳು. ಗುಮಾಸ್ತರು ಅಳ್ಳಾಡಲಿಲ್ಲ, ಉಸಿರನ್ನೂ ಬಿಡಲಿಲ್ಲ. ಇದೇ ಆ ಹತ್ತು ನಿಮಿಷದ ತಡೆ. ಸಾಕ್ಷಿಗಳ ಪಟ್ಟಿಯಲ್ಲಿ "ಸ್ಥಳದಲ್ಲಿದ್ದ ಗಣ್ಯರು" ಎಂದು ನನ್ನ ಹೆಸರು! ಇಸ್ತ್ರಿ ಅಂಗಿಯವನು ಇನ್ನೊಬ್ಬ ಇಸ್ತ್ರಿ ಅಂಗಿಯವನ ಕೊರಳಪಟ್ಟಿ ಹಿಡಿದರೆ ಅಭಿಪ್ರಾಯಭೇದ. ತೇಪೆ ಹಾಕಿದ ಸೀರೆಯವಳು ಗುಂಡಿ ಹೊಲಿದರೆ ಹಲ್ಲೆ. ಮುಚ್ಚಳಿಕೆಯೆಂದರೆ ಬಾಯಿಗೆ ಹಾಕುವ ಮುಚ್ಚಳವೆಂದು ತಮ್ಮ ಕಚೇರಿಯ ನಿಘಂಟಿನಲ್ಲಿ ಇದೆಯೇ?

ಬುದ್ಧಿವಂತನಂತೆ ನಾನೂ ಆಕೆಯ ಮನೆಗೆ ಹೋಗಿ, ಹೆಬ್ಬೆಟ್ಟು ಒತ್ತಿ ಮುಗಿಸಿಬಿಡು ಎಂದೆ.

"ಒತ್ತಿದ್ರ ಹೊಡದೇನಿ ಅಂತ ಒಪ್ಪಿಧಂಗ ಆತರಿ. ನಾ ಹೊಡದಿಲ್ಲ. ಜೇಲಿಗೆ ಕಳಸ್ಲಿ, ಹೋಗತೇನಿ."

ಮನೆಗೆ ಬಂದು ಹೆಂಡತಿ ಸುಚೇತಾಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ, "ಸಿಟ್ಟ ನಿಮ್ದು, ಜೇಲ ಆಕಿದು. ಚೊಲೋ ಹಂಚಿಕಿ ಐತಿ ಬಿಡ್ರಿ," ಎಂದಳು. ಇಪ್ಪತ್ತು ವರ್ಷ ಮನೆಯಲ್ಲಿ ಸಿಟ್ಟು ಬಂದಾಗ ತಾಟು ಸರಿಸಿ ಎದ್ದವನು ನಾನು; ಬೀದಿಯಲ್ಲಿ ಐದು ದಿನ ತಡೆದುಕೊಂಡದ್ದೇ ನನ್ನ ದಾಖಲೆ.

ಆದ್ದರಿಂದ ಒತ್ತಾಯ ಮಾಡುತ್ತೇನೆ. ಕೆಂಚವ್ವನ ಮೇಲಿನ ನೋಟಿಸು ಸೋಮವಾರದೊಳಗೆ ರದ್ದಾಗಬೇಕು, ಮೋಟಾರು ಓಣಿಗೆ ಬರಬೇಕು. ಅದೇ ನೋಟಿಸನ್ನು ನನ್ನ ಹೆಸರಿಗೆ ಬರೆಯಿರಿ. ಈ ಪತ್ರವನ್ನೇ ತಪ್ಪೊಪ್ಪಿಗೆಯೆಂದು ಲಗತ್ತಿಸಿಕೊಳ್ಳಿ. ಮುಚ್ಚಳಿಕೆ ನಾನು ಬರೆದುಕೊಡುತ್ತೇನೆ, ಆದರೆ ಆರು ತಿಂಗಳು ನನ್ನಂಥವನಿಗೆ ಸಾಲದು, ಅವಧಿ ಹೆಚ್ಚಿಸಿ. ಇದಾವುದೂ ಆಗದಿದ್ದರೂ ಸೋಮವಾರ ನಾನು ಬರುತ್ತೇನೆ. ಸಾಕ್ಷಿಯೆಂದು ಕೂಗಿಸಬೇಡಿ, ಓಗೊಡುವುದಿಲ್ಲ. ಆರೋಪಿಯ ಹೆಸರು ಕೂಗಿದಾಗ ಎದ್ದು ನಿಲ್ಲುವವನು ನಾನು.

ಇಂತಿ,
ಗಣ್ಯರ ಪಟ್ಟಿಯಿಂದ ಹೆಸರು ತೆಗೆಸಿಕೊಳ್ಳಲು ಕಾದಿರುವ
ಸಂಜೀವ