ಎಲ್ಲರೂ ಹೂಂ ಅಂದ ಮೇಲೆ

ಗಿರಿನಗರ, ಬೆಂಗಳೂರು
ಶುಕ್ರವಾರ, 11 ಜುಲೈ 2025

ಮುದ್ದಿನ ಸೊಸೆ ಸೌಮ್ಯಳಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಕಾಲಿನ ಬಾವು ಇಳಿಯಿತೇ? ಮಗು ಸರಿಯಾಗಿ ಒದೆಯುತ್ತಿದೆಯೇ? ಹೆರಿಗೆಗೆ ತವರಿಗೆ ಹೋದವಳನ್ನು ನಿಮ್ಮಮ್ಮ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ, ಆದರೂ ಎಡಮಗ್ಗುಲಿಗೇ ಮಲಗು. ಫೋನಿನಲ್ಲಿ ಕೇಳಬಹುದಿತ್ತು. ನಿನ್ನ ಗಂಡ ದೀಪಕ್ ಅದನ್ನು ಸ್ಪೀಕರಿಗೆ ಹಾಕುತ್ತಾನೆ, ಪಕ್ಕದಲ್ಲೇ ನಿನ್ನ ಮಾವ ಕೂತಿರುತ್ತಾರೆ. ಅದಕ್ಕೇ ಈ ಕಾಗದ. ಏಳನೇ ಕ್ಲಾಸಿಗೆ ಬಿಟ್ಟವಳ ಬರಹ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು. ಭಾನುವಾರ ದೀಪಕ್ ತಿಪಟೂರಿಗೆ ಬಂದಾಗ ಕೊಡುತ್ತಾನೆ, ಕವರ್ ಅಂಟಿಸಿಯೇ ಅವನ ಕೈಗೆ ಕೊಡುತ್ತೇನೆ.

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಒರಗಿದವಳಿಗೆ ಕೆಟ್ಟ ಕನಸು ಬಿತ್ತು. ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದೇನೆ. ಅದರೊಳಗಿರುವುದು ನನ್ನ ಕಿಡ್ನಿ ಅಂತ ನನಗೆ ಗೊತ್ತು. ಬಂದ ಬಂದ ಬಸ್ಸಿನ ಕಂಡಕ್ಟರೆಲ್ಲ ‘ಹಿಂದೆ ಇನ್ನೊಂದ್ ಗಾಡಿ ಬರ್ತಿದೆ, ಅದಕ್ ಹತ್ತಮ್ಮ’ ಅನ್ನುತ್ತಾರೆ. ಎದ್ದು ನೀರು ಕುಡಿದೆ, ಆಮೇಲೆ ನಿನ್ನ ಮಾವನ ಮುಂದೆ ನೀರು ಕುಡಿದೆನಲ್ಲ ಅಂತ ಬೇಜಾರಾಯಿತು. ಅವರು ದಿನಕ್ಕೆ ನಾಲ್ಕೇ ಲೋಟ ಅಳೆದು ಕುಡಿಯುವುದು. ಮೊಮ್ಮಗು ಬರುವ ಹೊತ್ತಿಗೆ ಎತ್ತಿಕೊಳ್ಳುವಷ್ಟು ಆಗಬೇಕು ಅಂತ ಬೆಳಿಗ್ಗೆ ದಿಂಬು ಎತ್ತಿ ಎತ್ತಿ ನೋಡುತ್ತಾರೆ. ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ, ನೀನೂ ಕೇಳಬೇಡ.

ನನ್ನ ಕಿಡ್ನಿ ಅವರಿಗೆ ಹೊಂದಲಿಲ್ಲ, ದೀಪಕನಿಗೆ ಸಕ್ಕರೆ ಕಾಯಿಲೆ ಇದೆ ಅಂತ ಬೇಡ ಅಂದರು. ಅತ್ತ ಜಯನಗರದ ವಾರಿಜಮ್ಮನದು ಅವರ ಯಜಮಾನರು ವೆಂಕಟಾಚಲ ಅವರಿಗೆ ಹೊಂದಲಿಲ್ಲ. ನನ್ನದು ಆ ಯಜಮಾನರಿಗೆ, ವಾರಿಜಮ್ಮನದು ನಿನ್ನ ಮಾವನಿಗೆ, ಎರಡೂ ಒಂದೇ ಹೊತ್ತಿಗೆ ಅಂತ ಆಸ್ಪತ್ರೆಯವರು ಹೇಳಿದಾಗ ನನಗೆ ಒಂದೇ ಯೋಚನೆ. ನನ್ನದು ತೆಗೆದ ಮೇಲೆ ಅವರು ಇಲ್ಲ ಅಂದುಬಿಟ್ಟರೆ? ಸಂಕ್ರಾಂತಿ ಹೊತ್ತಿಗೆ ಅವರೆಕಾಳು ಹಿತಕುತ್ತಾ ಕೂತಾಗ ನಿನ್ನನ್ನು ಕೇಳಿದೆ. ‘ನಮ್ಮ ಆಫೀಸಿನ ಕಂಪ್ಯೂಟರ್ ಸರ್ವರ್‌ಗಳದ್ದೂ ಇದೇ ಗೋಳು ಅತ್ತೆ’ ಅಂದೆ ನೀನು. ಒಂದೇ ಕೆಲಸ ಮೂರು ಊರಿನ ಮೂರು ಸರ್ವರ್‌ಗಳಲ್ಲಿ ಆಗಬೇಕು, ಒಂದರಲ್ಲಿ ಆಗಿ ಇನ್ನೊಂದರಲ್ಲಿ ಆಗದಿದ್ದರೆ ಕೆಟ್ಟಿತು. ಅದಕ್ಕೆ ಮಧ್ಯದಲ್ಲಿ ಒಂದು ನಿಂತುಕೊಂಡು ಎಲ್ಲವನ್ನೂ ‘ತಯಾರಾ?’ ಅಂತ ಕೇಳುತ್ತದೆ. ಒಂದೊಂದೂ ತನ್ನ ಪಾಲಿನದನ್ನು ಪೂರ್ತಿ ನೋಡಿಕೊಂಡು, ಬರೆದಿಟ್ಟುಕೊಂಡು, ಆಮೇಲೆ ಹೂಂ ಅನ್ನಬೇಕು. ಎಲ್ಲ ಹೂಂ ಅಂದರೆ ಕೆಲಸ ಆಗುತ್ತದೆ, ಒಂದು ಊಹೂಂ ಅಂದರೂ ಎಲ್ಲ ಮೊದಲಿದ್ದ ಹಾಗೇ, ಅರ್ಧಂಬರ್ಧ ಇಲ್ಲ. ನಾನು ಬಿಡಲಿಲ್ಲ, ಮಧ್ಯದಲ್ಲಿ ನಿಂತು ಕೇಳುವುದೇ ಮಲಗಿಬಿಟ್ಟರೆ ಅಂದೆ. ‘ಹೂಂ ಅಂದೋರು ಸುಮ್ನೆ ಕಾಯ್ತಾ ಕೂರ್ಬೇಕು, ಅದೇ ನನ್ ತಲೆನೋವು. ನೀವು ನಮ್ ಟೀಮಿಗೆ ಬಂದ್ಬಿಡಿ ಅತ್ತೆ, ಇಂಟರ್ವ್ಯೂನೂ ಬೇಡ’ ಅಂತ ನೀನು ನಕ್ಕೆ. ಆವತ್ತೇ ನಾನು ಧೈರ್ಯ ಮಾಡಿದ್ದು.

ಹೋದ ತಿಂಗಳು ಆಗಬೇಕಿದ್ದ ಆಪರೇಷನ್ ನಿಂತುಹೋಯಿತಲ್ಲ, ಆವತ್ತಿನದನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ಬೆಳಿಗ್ಗೆ ಆರಕ್ಕೇ ನಾನು ಗೌನು ತೊಟ್ಟು ಕೂತಿದ್ದೆ. ಎರಡೂ ಮನೆಯವರನ್ನು ಕೇಳಿ ಹೊಂದಿಸುವ ಆಸ್ಪತ್ರೆಯ ಹುಡುಗಿ ಚೈತನ್ಯ ಬಂದು ‘ಆಂಟಿ, ಇವತ್ತಿಲ್ಲ. ವಾರಿಜಾ ಆಂಟಿಗೆ ಜ್ವರ ಅಂತೆ’ ಅಂದಳು. ಗೌನು ಬಿಚ್ಚುತ್ತಾ ಆ ವಾರಿಜಮ್ಮನನ್ನು ಬಾಯಿಗೆ ಬಂದ ಹಾಗೆ ಅಂದೆ. ನಿನ್ನ ಮಾವ ‘ಆಯ್ತು ಬಿಡೇ, ಮೊದ್ಲು ಇಡ್ಲಿ ತಿನ್ನು ನಡಿ’ ಅಂದರು. ಮತ್ತೆ ಅದೇ ವಾರಕ್ಕೆ ಮೂರು ಸಲ ಡಯಾಲಿಸಿಸ್.

ನಿನ್ನೆ ವಾರಿಜಮ್ಮ ಹಣ್ಣು ಹಿಡಿದುಕೊಂಡು ಮನೆಗೇ ಬಂದಿದ್ದರು. ‘ಆವತ್ತು ತೊಂಬತ್ತೊಂಬತ್ತೇ ಇತ್ತು ರೀ. ಒಂದ್ ಮಾತ್ರೆ ನುಂಗಿ ಬಾಯ್ಮುಚ್ಕೊಂಡಿರು ಅಂದ್ರು ನಮ್ಮತ್ತಿಗೆ. ಹೇಗ್ರೀ ಇರೋದು, ಹೋಗೋದು ನಿಮ್ಮೆಜಮಾನ್ರ ಮೈಯೊಳಕ್ಕಲ್ವಾ’ ಅಂದರು. ನಾನು ಕಾಫಿ ತರುತ್ತೇನೆ ಅಂತ ಒಳಗೆ ಹೋದವಳು ಹಾಲು ಉಕ್ಕಿದರೂ ನೋಡುತ್ತಾ ನಿಂತಿದ್ದೆ. ಬರುವ ಗುರುವಾರಕ್ಕೆ ದಿನ ಗೊತ್ತಾಗಿದೆ. ಸೋಮವಾರ ಚೈತನ್ಯ ಎರಡೂ ಮನೆಯವರನ್ನು ಕೊನೆಯ ಸಲ ಕೇಳುತ್ತಾಳೆ.

ನೀನು ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ. ನಿಮ್ಮಮ್ಮನಿಗೆ ನಮಸ್ಕಾರ ತಿಳಿಸು. ನೀನೂ ಮಗುವೂ ತಣ್ಣಗಿರಿ.

ಇಂತಿ ನಿನ್ನ ಅತ್ತೆ,
ಲಕ್ಷ್ಮಿದೇವಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಆಸ್ಪತ್ರೆಯ ಫಾರಂ ತುಂಬುವಾಗ ನೀನು ‘ದಿನಾ ಯಾವ್ದಾದ್ರೂ ಮಾತ್ರೆ ತಗೋತೀರಾ ಅತ್ತೆ?’ ಅಂದೆ, ನಾನು ಇಲ್ಲ ಅಂದೆ. ಮೂರು ವರ್ಷದಿಂದ ಮಂಡಿನೋವಿಗೆ ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಿದ್ದೇನೆ. ಅದು ಕಿಡ್ನಿಗೆ ಒಳ್ಳೆಯದಲ್ಲ ಅಂತ ಡಯಾಲಿಸಿಸ್ ರೂಮಿನ ಗೋಡೆಯ ಮೇಲೆ ಬರೆದಿದೆ. ಹೇಳಿದರೆ ನನ್ನನ್ನು ಬೇಡ ಅನ್ನುತ್ತಾರೆ, ಆಮೇಲೆ ನಿನ್ನ ಮಾವನಿಗೆ ಯಾರು ಕೊಡುತ್ತಾರೆ ಅಂತ ಮುಚ್ಚಿಟ್ಟೆ. ಟೆಸ್ಟ್ ಎಲ್ಲ ಸರಿ ಇದೆ ಅಂದರು, ಆದರೂ ಸೋಮವಾರ ಚೈತನ್ಯಳಿಗೆ ಹೇಳಿಬಿಡುತ್ತೇನೆ. ಗುರುವಾರ ಆಗದಿದ್ದರೆ ಆಗದಿರಲಿ. ಆ ಫಾರಂನ ಫೋಟೋ ನಿನ್ನ ಫೋನಿನಲ್ಲಿದೆಯಲ್ಲ, ಕೆಳಗೆ ತುಂಬಿದವರ ಹೆಸರು ಅಂತ ನಿನ್ನ ಸಹಿಯೂ ಇದೆಯಾ ಇನ್ನೊಂದು ಸಲ ನೋಡಿ ದೀಪಕನ ಕೈಯಲ್ಲಿ ಚೀಟಿ ಕಳಿಸು. ಇದ್ದರೆ, ಸುಳ್ಳು ಹೇಳಿದ್ದು ನಾನು, ನನ್ನ ಸೊಸೆಗೆ ಏನೂ ಗೊತ್ತಿರಲಿಲ್ಲ ಅಂತ ಮೊದಲು ಅದನ್ನೇ ಹೇಳುತ್ತೇನೆ.